ಯೋಗಕ್ಷೇಮದ ಹೊಣೆ

ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು ಎಂಬುದು ಕನ್ನಡ ಮನೆಗಳ ಹಳೆಯ ಸಂಪ್ರದಾಯ. ಹೊಸ್ತಿಲಲ್ಲಿ ನಿಂತು ಕಳುಹಿಸುವವರೂ ‘ಹೋಗಿ ಬಾ’ ಎಂದೇ ಹರಸುತ್ತಾರೆ. ಹಿಂದಿರುಗುವ ಭರವಸೆಯನ್ನು ಹೋಗುವ ಮಾತಿನಲ್ಲಿಯೇ ಸೇರಿಸಿದ ಈ ರೂಢಿಯ ಹಿಂದೆ ಒಂದು ಭಯವೂ ಅಡಗಿದೆ. ಈ ಭಯವು ಪ್ರೀತಿಯ ಲಕ್ಷಣವೆ ಅಥವಾ ಪ್ರೀತಿಗೆ ಅಂಟಿದ ರೋಗವೆ? ದೇವರನ್ನು ನಂಬಿದವನು ತನ್ನವರಿಗಾಗಿ ಕಳವಳಪಡುವುದು ನಂಬಿಕೆಯ ಕೊರತೆಯೆ? ಕಳವಳಪಡದಿರುವುದು ಮಮತೆಯ ಕೊರತೆಯೆ? ನವರಾತ್ರಿಯ ಪುಣ್ಯಕಾಲದಲ್ಲಿ ಇವು ವಿಚಾರಯೋಗ್ಯವಾದ ಪ್ರಶ್ನೆಗಳು.

ಮಹಾನಗರದಲ್ಲಿ ನೆಲೆಸಿದವರಿಗಂತೂ ಇದು ನಿತ್ಯದ ಅನುಭವ. ಮಗನು ಕಿಕ್ಕಿರಿದ ರೈಲಿನ ಬಾಗಿಲಲ್ಲಿ ನಿಂತು ಪಯಣಿಸುತ್ತಾನೆ; ಮಗಳು ರಾತ್ರಿ ಪಾಳಿ ಮುಗಿಸಿ ಬರಬೇಕು; ಊರಿನಲ್ಲಿ ವೃದ್ಧ ತಾಯಿತಂದೆಯರು ಇಬ್ಬರೇ ಇದ್ದಾರೆ. ಹಿಂದೆ ‘ಉಭಯ ಕುಶಲೋಪರಿ’ ಎಂದು ಆರಂಭವಾಗುವ ಕಾಗದಕ್ಕಾಗಿ ವಾರಗಟ್ಟಲೆ ಕಾಯುತ್ತಿದ್ದರು. ತಂತಿ ಬಂದರೆ ಒಡೆದು ಓದುವ ಮೊದಲೇ ಎದೆ ನಡುಗುತ್ತಿತ್ತು. 2013ರಲ್ಲಿ ಆ ತಂತಿಸೇವೆಯೇ ನಿಂತುಹೋಯಿತು. ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ. ಆದರೂ ಆತಂಕ ತಗ್ಗಿಲ್ಲ. ವಾರದ ಮೌನವನ್ನು ಸಹಿಸುತ್ತಿದ್ದ ಮನಸ್ಸು ಇಂದು ಹತ್ತು ನಿಮಿಷ ಉತ್ತರ ಬಾರದಿದ್ದರೆ ಕಂಗೆಡುತ್ತದೆ.

ಇಲ್ಲಿ ಕಾಳಜಿಯನ್ನೂ ಕಳವಳವನ್ನೂ ಬೇರ್ಪಡಿಸಿ ನೋಡಬೇಕು. ಕಾಳಜಿಯು ಕೆಲಸ ಮಾಡುತ್ತದೆ. ಆಯುಧಪೂಜೆಯ ದಿನ ಗಾಲಿಗೆ ನಿಂಬೆಹಣ್ಣು ಇಡುವ ಮೊದಲು ಅದು ಬ್ರೇಕನ್ನು ಪರೀಕ್ಷಿಸುತ್ತದೆ. ಮಗನು ಹೆಲ್ಮೆಟ್ ಧರಿಸಿದನೆ ಎಂದು ನೋಡುತ್ತದೆ. ಕಳವಳವಾದರೋ ಆಗಬಹುದಾದ ಕೆಡುಕನ್ನು ಕಲ್ಪಿಸುತ್ತ ಕುಳಿತು, ಕೊನೆಗೆ ಕೋಪವಾಗಿ ಹೊರಬೀಳುತ್ತದೆ. ರಾತ್ರಿ ಹನ್ನೊಂದಕ್ಕೆ ದಣಿದು ಬಂದ ಮಗನಿಗೆ ನೀರಿಗಿಂತ ಮೊದಲು ಬೈಗುಳ ದೊರೆಯುತ್ತದೆ. ಕ್ರಮೇಣ ಅವನು ನಿಜ ಹೇಳುವುದನ್ನೇ ಬಿಡುತ್ತಾನೆ. ಮಗಳು ಹೆತ್ತವರ ಭಯಕ್ಕೆ ಅಂಜಿ ಒಳ್ಳೆಯ ಕೆಲಸವೊಂದನ್ನು ಕೈಬಿಡುತ್ತಾಳೆ. ಹೀಗೆ ಪ್ರೀತಿಯಿಂದ ಹುಟ್ಟಿದ ಭಯವು ಪ್ರೀತಿಪಾತ್ರರನ್ನೇ ಕಟ್ಟಿಹಾಕುತ್ತದೆ.

ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಕೌಸಲ್ಯೆಯೂ ಮೊದಲು ಈ ದಾರಿಯನ್ನೇ ಹಿಡಿದಳು. ವನವಾಸದ ವಾರ್ತೆ ಕೇಳಿ ನೆಲಕ್ಕುರುಳಿದಳು; ತನ್ನನ್ನು ಬಿಟ್ಟುಹೋದರೆ ಪ್ರಾಯೋಪವೇಶ ಮಾಡುವೆನೆಂದಳು; ಕರುವಿನ ಹಿಂದೆ ಹಸು ಹೋಗುವಂತೆ ತಾನೂ ಬರುವೆನೆಂದಳು. ಮಗನು ಒಪ್ಪಲಿಲ್ಲ. ಆಗ ಆಕೆ ದುಃಖವನ್ನು ಅದುಮಿ, ಶುದ್ಧಜಲದಿಂದ ಆಚಮನ ಮಾಡಿ, ಮಂಗಳಾಶಾಸನಕ್ಕೆ ತೊಡಗಿದಳು. ದೇವತೆಗಳನ್ನೂ ಋಷಿಗಳನ್ನೂ ಬೆಟ್ಟ, ಸಮುದ್ರಗಳನ್ನೂ ಸ್ಮರಿಸಿದಳು. ಆನೆ, ಸಿಂಹ, ಹುಲಿ, ಕರಡಿಗಳು ಮಗನನ್ನು ಹಿಂಸಿಸದಿರಲಿ ಎಂದಳು. ಚೇಳು, ಸೊಳ್ಳೆ, ಹುಳುಗಳನ್ನೂ ಮರೆಯಲಿಲ್ಲ. ತಾಯಿಯ ಮನಸ್ಸಿನಲ್ಲಿದ್ದ ಒಂದೊಂದು ಭಯವೂ ಇಲ್ಲಿ ಹೆಸರು ಪಡೆದು ಪ್ರಾರ್ಥನೆಯಾಯಿತು. ಕಡೆಗೆ ವಿಶಲ್ಯಕರಣಿ ಎಂಬ ಮೂಲಿಕೆಯನ್ನು ರಕ್ಷೆಯಾಗಿ ಕಟ್ಟಿ ಬೀಳ್ಕೊಟ್ಟಳು.

ಹಾಗೆಂದು ಅರಣ್ಯದಲ್ಲಿ ಆಪತ್ತು ಬಾರದೆ ಹೋಯಿತೆ? ಬಂದಿತು. ಪತ್ನಿಯ ಅಪಹರಣವಾಯಿತು, ಘೋರ ಯುದ್ಧವಾಯಿತು. ಪ್ರಾರ್ಥನೆಯು ವಿಮಾಪತ್ರವಲ್ಲ. ಆದರೆ ಕೌಸಲ್ಯೆಯ ಕೈ ತಲುಪದ ಎಡೆಗಳಲ್ಲಿ ಬೇರೆಯವರ ಕೈಗಳು ತಲುಪಿದವು. ಗುಹನು ಆಹಾರ ತಂದು, ರಾತ್ರಿಯಿಡೀ ಕಾವಲು ನಿಂತನು. ಅನಸೂಯೆಯು ಸೀತೆಗೆ ಮಗಳಿಗೆಂಬಂತೆ ವಸ್ತ್ರಾಭರಣಗಳನ್ನಿತ್ತಳು. ಲಂಕೆಯ ರಣರಂಗದಲ್ಲಿ ಅಣ್ಣತಮ್ಮಂದಿರು ಬಾಣಗಳಿಂದ ಬಿದ್ದಾಗ, ತಾಯಿ ಕಟ್ಟಿದ್ದ ಅದೇ ಹೆಸರಿನ ಮೂಲಿಕೆಯುಳ್ಳ ಬೆಟ್ಟವನ್ನು ಹನುಮಂತನು ಹೊತ್ತು ತಂದನು. ಅಯೋಧ್ಯೆಯಲ್ಲಿದ್ದ ಕೌಸಲ್ಯೆಗೆ ಅವನ ಪರಿಚಯವೇ ಇರಲಿಲ್ಲ.

ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತನು ತನ್ನನ್ನೇ ನೆನೆಯುವ ಭಕ್ತರ ಯೋಗಕ್ಷೇಮದ ಹೊಣೆಯನ್ನು ವಹಿಸಿಕೊಳ್ಳುತ್ತಾನೆ. ಇಲ್ಲದುದನ್ನು ದೊರಕಿಸುವುದು ಯೋಗ, ದೊರೆತುದನ್ನು ಕಾಪಾಡುವುದು ಕ್ಷೇಮ ಎಂದು ಶಂಕರರ ಭಾಷ್ಯ. ಅಲ್ಲಿ ಬಳಸಿರುವ ಕ್ರಿಯಾಪದಕ್ಕೆ ಕೊಡುವುದೆಂದಲ್ಲ, ಹೊರುವುದೆಂದು ಅರ್ಥ. ಹೊರುವುದಕ್ಕೆ ಹೆಗಲು ಬೇಕು. ಭಗವಂತನು ಬಹುಮಟ್ಟಿಗೆ ಮನುಷ್ಯರ ಹೆಗಲುಗಳ ಮೂಲಕವೇ ಈ ಭಾರವನ್ನು ಹೊರುತ್ತಾನೆ.

ಮುಂಬಯಿಯ ಜನ ಇದನ್ನು ಪ್ರತ್ಯಕ್ಷ ಕಂಡಿದ್ದಾರೆ. 2005ರ ಜುಲೈ 26ರಂದು ಆರಂಭವಾದ ಮಳೆ ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಸುರಿಯಿತು. ರೈಲುಗಳು ನಿಂತವು, ದೂರವಾಣಿಗಳು ಮೂಕವಾದವು. ಲಕ್ಷಾಂತರ ಜನ ಆ ರಾತ್ರಿ ಮನೆ ಸೇರಲಿಲ್ಲ. ನೂರಾರು ಮಂದಿ ಎಂದೂ ಸೇರಲಿಲ್ಲ. ಅಂತಹ ರಾತ್ರಿಯಲ್ಲಿ ರಸ್ತೆಬದಿಯ ಮನೆಗಳವರು, ಗುಡಿಸಲುಗಳವರು ಅಪರಿಚಿತರನ್ನು ಒಳಗೆ ಕರೆದು ಚಹ, ಬಿಸ್ಕತ್ತು ಕೊಟ್ಟರು. ಎದೆಯುದ್ದ ನೀರಿನಲ್ಲಿ ಕೈ ಹಿಡಿದು ದಾಟಿಸಿದರು. ಅವರಲ್ಲಿ ಎಷ್ಟೋ ಮಂದಿಯ ಸ್ವಂತ ಮಕ್ಕಳು ಆ ಹೊತ್ತಿಗೆ ಇನ್ನಾರದೋ ಬಾಗಿಲಲ್ಲಿದ್ದರು. ತನ್ನ ಮಗನಿಗೆ ನೀರು ಕೊಡಲಾರದ ತಾಯಿ ಎದುರಿಗಿದ್ದವನಿಗೆ ಕೊಟ್ಟಳು. ಅವಳ ಮಗನಿಗೆ ಬೇರೊಬ್ಬಳು ಕೊಟ್ಟಳು.

ಆತಂಕಕ್ಕೆ ಶಾಸ್ತ್ರವೂ ಅನುಭವವೂ ತೋರುವ ಮಾರ್ಗ ಇದೇ. ಮಾಡಬಹುದಾದ ಎಚ್ಚರಿಕೆಯನ್ನು ಮಾಡಬೇಕು. ಉಳಿದ ಭಯವನ್ನು ಕೌಸಲ್ಯೆಯಂತೆ ಹೆಸರಿಟ್ಟು ದೇವರ ಮುಂದೆ ಇಡಬೇಕು. ನವರಾತ್ರಿಯಲ್ಲಿ ಪಠಿಸುವ ದೇವೀಕವಚವು ಒಂದೊಂದು ಅಂಗವನ್ನೂ ಹೆಸರಿಸಿ ರಕ್ಷಣೆ ಬೇಡುವುದು ಈ ಕ್ರಮದಲ್ಲಿಯೇ. ಆಮೇಲೆ ಕಾಯುವ ಹೊತ್ತನ್ನು ಸಮೀಪದಲ್ಲಿರುವ ಯಾರದಾದರೂ ಕ್ಷೇಮಕ್ಕೆ ಸಲ್ಲಿಸಬೇಕು. ಪಕ್ಕದ ಮನೆಯ ಒಂಟಿ ವೃದ್ಧರೂ, ಊರಿನಿಂದ ಕೆಲಸ ಹುಡುಕಿ ಬಂದ ಹುಡುಗನೂ ಯಾರದೋ ಆತಂಕಕ್ಕೆ ಕಾರಣರಾದವರೇ. ಅವರ ತಾಯಂದಿರ ಪಾಲಿಗೆ ಈ ನಗರವೇ ದಂಡಕಾರಣ್ಯ.

ವಿಜಯದಶಮಿಯಂದು ಊರಿನ ಗಡಿ ದಾಟಿ ಸೀಮೋಲ್ಲಂಘನ ಮಾಡುವ ಪದ್ಧತಿಯುಂಟು. ತನ್ನವರು, ಪರರು ಎಂಬ ಗಡಿಯನ್ನೂ ಅಂದು ದಾಟುವಂತಾಗಲಿ. ದೂರ ಹೋದವರೆಲ್ಲರ ಯೋಗಕ್ಷೇಮವನ್ನು ಜಗನ್ಮಾತೆಯು ವಹಿಸಲಿ. ಆ ಭಾರದಲ್ಲಿ ಒಂದಿಷ್ಟನ್ನು ಹೊರುವ ಶಕ್ತಿಯನ್ನು ಮನೆಯಲ್ಲಿ ಕಾದಿರುವವರಿಗೂ ಅನುಗ್ರಹಿಸಲಿ.