ಕಾಣದ ನೆರೆಯವರ ಪಾಲು

ದುಡ್ಡು ಕೊಟ್ಟು ಪಡೆದದ್ದನ್ನು ಮನಸ್ಸು ಬಂದಷ್ಟು ಬಳಸುವ ಹಕ್ಕು ನಮಗಿದೆಯೇ? ಪ್ರಶ್ನೆ ಹಳೆಯದು. ನನಗೆ ಅದು ಎದುರಾದದ್ದು ಮಾತ್ರ ಮಗಳ ಮನೆಯ ಮಾಡಿನ ಮೇಲಿದ್ದ ಒಂದು ತಟ್ಟೆಯ ದೆಸೆಯಿಂದ.

2008ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಮಗಳು, ಅಳಿಯನ ಜೊತೆ ಎರಡು ತಿಂಗಳು ಇದ್ದೆ. ಅಮೆರಿಕದಲ್ಲಿ ಎಲ್ಲ ಸೌಕರ್ಯವೂ ಮನೆ ಬಾಗಿಲಿಗೆ ಬರುತ್ತದೆಂದು ತಿಳಿದವರು ಆ ಗುಡ್ಡಗಾಡನ್ನು ನೋಡಬೇಕು. ಕೇಬಲ್ ಅಲ್ಲಿಗೆ ಬಂದಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜ್ ದೂರವಾದ್ದರಿಂದ ತಂತಿಯ ಬ್ರಾಡ್‌ಬ್ಯಾಂಡೂ ಇಲ್ಲ. ಬಹುಕಾಲ ಡಯಲ್‌ಅಪ್‌ನಲ್ಲೇ ದಿನ ದೂಡಿದ್ದರು. ವೇಗ ಸೆಕೆಂಡಿಗೆ ಹೆಚ್ಚೆಂದರೆ 56 ಕಿಲೋಬಿಟ್. ಮಗಳು ಇಂಟರ್ನೆಟ್ಟಿಗೆ ಕೂತಳೆಂದರೆ ಮುಂಬಯಿಯಿಂದ ಕರೆಯುವ ನಮಗೆ ಎಂಗೇಜ್ ಸದ್ದು. ಅವಳ ತಾಯಿ ಎಷ್ಟೋ ಭಾನುವಾರ ರಿಸೀವರ್ ಹಿಡಿದೇ ಕೂತದ್ದುಂಟು. ಕೊನೆಗೆ ಉಪಗ್ರಹದ ತಟ್ಟೆ ಹಾಕಿಸಿದರು. ಅದಕ್ಕೆ ದಕ್ಷಿಣದ ಆಕಾಶ ತೆರೆದಿರಬೇಕು. ಮೇಪಲ್ ಮರವೊಂದರ ಕೊಂಬೆಗಳು ಹೋದವು.

ಒಂದು ಮಧ್ಯಾಹ್ನ ಒಬ್ಬನೇ ಕೂತು ಹಳೆಯ ಕನ್ನಡ ಚಿತ್ರವೊಂದನ್ನು ತುಂಡು ತುಂಡಾಗಿ ನೋಡುತ್ತಿದ್ದೆ. ಅರ್ಧ ಮುಗಿಯುವಷ್ಟರಲ್ಲಿ ನಿಂತುಬಿಟ್ಟಿತು. ಆ ಮನೆಯ ಕರಾರಿನಂತೆ ದಿನಕ್ಕೆ 200 ಮೆಗಾಬೈಟ್. ಮೀರಿದರೆ ಒಂದು ದಿನ ಪೂರ್ತಿ ಡಯಲ್‌ಅಪ್ಪಿನ ವೇಗ. ಅಂದು ಸಂಜೆ ಮಗಳು ಕಚೇರಿಗೆ ಕಳಿಸಬೇಕಾದ ಕಾಗದಪತ್ರವಿತ್ತು. ಏನೂ ಅನ್ನದೆ ಕಾರು ತೆಗೆದು ಪೇಟೆಯ ಲೈಬ್ರರಿಗೆ ಹೋದಳು. ನನಗೆ ಮುಖ ತೋರಿಸಲು ನಾಚಿಕೆಯಾಯಿತು.

ಅಳಿಯ ಸಮಾಧಾನ ಹೇಳಿದರು: "ಬಿಡಿ ಮಾವ, ನಮ್ಮ ಪಾಲನ್ನು ನಾವು ಮುಗಿಸಿದೆವು, ದಂಡವನ್ನೂ ನಾವೇ ತೆತ್ತೆವು. ಬೇರೆಯವರಿಗೇನು ನಷ್ಟ?"

ಆ ಕೊನೆಯ ಮಾತು ಮುಳ್ಳಿನಂತೆ ಉಳಿಯಿತು. ಅಷ್ಟಕ್ಕೂ ಮಿತಿ ಏಕೆ? ಆ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ನಾವು ಕೇಳಿದ್ದು ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಬೇಕು. ಆದರೆ ನಿಜವಾದ ಕೊರತೆ ದೂರದ್ದಲ್ಲ, ಹಂಚಿಕೆಯದು. ಈಚಿನ, ನಮ್ಮದೇ ಉದಾಹರಣೆ ನೋಡಿ. 2018ರ ಡಿಸೆಂಬರಿನಲ್ಲಿ ಫ್ರೆಂಚ್ ಗಯಾನಾದಿಂದ ಮೇಲೇರಿ, ಹಾಸನದ ನಿಯಂತ್ರಣ ಕೇಂದ್ರದ ಆಜ್ಞೆಯಂತೆ ಕಕ್ಷೆ ಸೇರಿದ ಇಸ್ರೋದ ಜಿಸ್ಯಾಟ್-11ರ ತೂಕ 5,854 ಕಿಲೋ. ಒಟ್ಟು ಸಾಮರ್ಥ್ಯ ಸೆಕೆಂಡಿಗೆ 16 ಗಿಗಾಬಿಟ್. ಮನೆಗೆ 100 ಮೆಗಾಬಿಟ್‌ನಂತೆ ಏಕಕಾಲಕ್ಕೆ ಬಡಿಸಿದರೆ 160 ಮನೆಗೆ ಪಾತ್ರೆ ಬರಿದು! ಎಲ್ಲರೂ ಒಮ್ಮೆಗೇ ಕೈ ಚಾಚಲಾರರೆಂಬ ನಂಬಿಕೆಯ ಮೇಲೆಯೇ ಈ ವ್ಯವಹಾರ. ಈಗ ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸಾವಿರಾರು ಉಪಗ್ರಹಗಳು ಸುತ್ತುತ್ತಿವೆ. ವಿಳಂಬ ತಗ್ಗಿದೆ, ಹಂಚಿಕೆ ಅಲ್ಲೂ ತಪ್ಪಿಲ್ಲ.

ಗಿರಗಾಂವದ ಚಾಳಿನಲ್ಲಿ ಬೆಳೆದವನಿಗೆ ಇದು ಹೊಸ ಪಾಠವಾಗಬಾರದಿತ್ತು. ನಮ್ಮದು ಕೆಳಗಿನ ಖೋಲಿ. ನಸುಕಿನಲ್ಲಿ ನೀರು ಬರುವಾಗ ಕೆಳಗೆ ನಳ ಬಿಟ್ಟಿದ್ದರೆ ಮೂರನೇ ಮಾಳಿಗೆಗೆ ಏರುತ್ತಿರಲಿಲ್ಲ. ಅವ್ವ ಹಂಡೆ ತುಂಬುವ ಮೊದಲೇ ನಳ ತಿರುಗಿಸುತ್ತಿದ್ದಳು. ಯಾಕೆಂದು ಕೇಳಿದರೆ ಮೇಲೆ ಕೈ ತೋರಿಸುತ್ತಿದ್ದಳು. ಮೇಲಿನ ಖಾಲಿ ಕೊಡಗಳ ಸದ್ದು ಅವಳಿಗೆ ಕೇಳಿಸುತ್ತಿತ್ತು, ನಿಜ. ಆಕಾಶದ ನಳಕ್ಕೆ ಆ ಸದ್ದೂ ಇಲ್ಲ. ಮಗಳು ಕಾರು ತೆಗೆದದ್ದು ಕಣ್ಣಿಗೆ ಬಿತ್ತು, ನಾಚಿದೆ. ಅದೇ ಮಧ್ಯಾಹ್ನ ಇನ್ನಾವುದೋ ಮನೆಯಲ್ಲಿ ಯಾವ ಮಗುವಿನ ಪಾಠ ತಡೆದು ನಿಂತಿತೋ, ನನ್ನ ನಾಚಿಕೆ ಅಲ್ಲಿಯತನಕ ನಡೆಯಲೇ ಇಲ್ಲ. ಮಿತಿ ಹಾಕಿದ ಕಂಪನಿ ಆ ಕಾಣದವರ ಪರವಾಗಿ ಕಾವಲು ನಿಂತಿತ್ತೆಂದು ಒಪ್ಪೋಣ. ಆದರೆ ಕಾವಲುಗಾರ ಇದ್ದಾನೆಂದು, ಮಿತಿಯೊಳಗಿನದೆಲ್ಲ ನ್ಯಾಯವೇ ಎಂದು ನಾವು ನಿಶ್ಚಿಂತರಾಗುತ್ತೇವಲ್ಲ, ಅದು ನನ್ನನ್ನು ಕಾಡುತ್ತದೆ. ಹಾಗೆಂದು ತೀರಾ ಯೋಚಿಸುತ್ತ ಹೋದರೆ ಒಂದು ಹಾಡನ್ನೂ ಕೇಳುವಂತಿಲ್ಲ. ಅವ್ವನೂ ಹಂಡೆಯನ್ನು ಬರಿದಾಗಿ ಬಿಡುತ್ತಿರಲಿಲ್ಲವಷ್ಟೆ.

ರಾತ್ರಿ ಎರಡರ ಮೇಲೆ ಕೆಲವು ಗಂಟೆಗಳ ಬಳಕೆ ಲೆಕ್ಕಕ್ಕಿಲ್ಲವೆಂದು ಅಳಿಯ ಹೇಳಿದ್ದರು. ಮುಂದಿನ ವಾರ ಅಲಾರಂ ಇಟ್ಟು, ಚಾಳಿನಲ್ಲಿ ನೀರಿಗೆ ಏಳುತ್ತಿದ್ದಂತೆ ಎದ್ದು, ಉಳಿದರ್ಧ ಚಿತ್ರ ನೋಡಿದೆ. ಕಿಟಕಿಯಾಚೆ, ಕಣಿವೆಯ ಆ ಬದಿಯಲ್ಲಿ ಒಂದೇ ಒಂದು ಮನೆಯ ದೀಪ ಉರಿಯುತ್ತಿತ್ತು. ಆ ಮಾಡಿನ ಮೇಲೂ ಇಂಥದೇ ತಟ್ಟೆ ಇದ್ದದ್ದನ್ನು ಹಗಲಿನಲ್ಲಿ ಕಂಡಿದ್ದೆ.