ಆರಿದ ಮೇಲಿನ ರುಚಿ

ಚಲನಚಿತ್ರವೊಂದನ್ನು ನೋಡಿದ ಮರುದಿನ ಬೆಳಿಗ್ಗೆ ನಾವು ಪರಸ್ಪರ ಕೇಳುವ ಪ್ರಶ್ನೆ ಒಂದೇ: ಹೇಗಿತ್ತು? ಉತ್ತರವೂ ಬಹುತೇಕ ಒಂದೇ ಪದದ್ದು. ಚೆನ್ನಾಗಿತ್ತು. ಪರವಾಗಿಲ್ಲ. ಬೋರು. ನಿರ್ದೇಶಕನ ವರ್ಷಗಳ ಶ್ರಮ, ಹತ್ತಾರು ಕಲಾವಿದರ ತನ್ಮಯತೆ, ಕಥೆಯ ಹಿಂದಿರುವ ಲೇಖಕನ ಅನುಭವ, ಇವೆಲ್ಲವೂ ಆ ಒಂದು ಪದದೊಳಗೆ ಅಡಗಿಬಿಡುತ್ತವೆ. ಪದ ನಾಲಿಗೆಯಿಂದ ಇಳಿದ ಕೂಡಲೇ ಮನಸ್ಸು ಹಗುರಾಗುತ್ತದೆ. ನೋಡಿದ್ದರ ಋಣ ತೀರಿತು ಎಂಬ ಸಮಾಧಾನ ನಮ್ಮದಾಗುತ್ತದೆ. ಅಭಿಪ್ರಾಯ ಆಲೋಚನೆಯ ಆರಂಭವಾಗಬೇಕಿತ್ತು. ಅನೇಕ ವೇಳೆ ಅದೇ ಆಲೋಚನೆಯ ಮುಕ್ತಾಯವಾಗುತ್ತದೆ.

ನಮ್ಮ ಮೂಡಿಗೆರೆ, ಕಳಸದ ಕಡೆ ಮಳೆ ಹಿಡಿದರೆ ಕಾಫಿ ತೋಟದ ಕೆಲಸ ತಾನಾಗಿ ನಿಧಾನವಾಗುತ್ತದೆ. ಸಂಜೆ ಬೇಗ ಕವಿಯುತ್ತದೆ. ಕರೆಂಟು ಇದ್ದಷ್ಟು ಹೊತ್ತು ನಾವು ಚಿತ್ರ ನೋಡುತ್ತೇವೆ. ಈ ಬಾರಿ ನೋಡಿದ ಚಿತ್ರಗಳಲ್ಲಿ ಯಾವ ಕ್ರಮವೂ ಇರಲಿಲ್ಲ. ‘ಸಂಸ್ಕಾರ’ದ ಮರುದಿನ ‘ಸು ಫ್ರಮ್ ಸೋ’. ‘ತಬರನ ಕಥೆ’ಯ ಬೆನ್ನಿಗೆ ಟೋಕಿಯೊ ನಗರದ ‘ಪರ್ಫೆಕ್ಟ್ ಡೇಸ್’. ಆಮೇಲೆ ‘ಡೇರ್‌ಡೆವಿಲ್ ಮುಸ್ತಫಾ’, ‘ಭೂತಯ್ಯನ ಮಗ ಅಯ್ಯು’. ಕ್ರಮವಿಲ್ಲದಿದ್ದುದೇ ಒಂದು ಉಪಕಾರ ಮಾಡಿತು. ಚಿತ್ರಗಳು ಒಂದನ್ನೊಂದು ಹೋಲುತ್ತಿರಲಿಲ್ಲ. ನಮ್ಮ ಅಭಿಪ್ರಾಯಗಳು ಮಾತ್ರ ಹೋಲುತ್ತಿದ್ದವು. ಅವು ಹುಟ್ಟಿದ್ದು ಚಿತ್ರಗಳಿಂದಲೋ, ನಮ್ಮಿಂದಲೋ ಎಂಬ ಸಂಶಯ ಅಲ್ಲಿಂದ ಮೊದಲಾಯಿತು.

‘ಸಂಸ್ಕಾರ’ 1970ರ ಚಿತ್ರ. ಯು.ಆರ್. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ. ಚಿತ್ರೀಕರಣ ನಡೆದದ್ದು ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ. ನಮ್ಮ ಸೀಮೆಯವರಿಗೆ ಇದೊಂದು ಸಣ್ಣ ತೊಡಕು. ಇದು ತುಂಗೆಯ ಯಾವ ತಿರುವು, ಇದು ಯಾವ ಮನೆಯ ಜಗಲಿ ಎಂದು ಗುರುತಿಸುವ ಸಂಭ್ರಮದಲ್ಲಿ ಆರಂಭದ ದೃಶ್ಯಗಳು ಕಳೆದೇಹೋಗುತ್ತವೆ. ಊರು ಸಿಕ್ಕ ಮೇಲೆ ಮನುಷ್ಯರು ಸಿಗುತ್ತಾರೆ. ಆಚಾರ ಮೀರಿ ಬಾಳಿದ ನಾರಣಪ್ಪನ ಶವ ಅಗ್ರಹಾರದಲ್ಲಿ ಕಾದಿದೆ. ಅದಕ್ಕೆ ಸಂಸ್ಕಾರ ಮಾಡಬೇಕಾದವರು ಯಾರೆಂಬುದು ನಿರ್ಣಯವಾಗುತ್ತಿಲ್ಲ. ತಾರುಣ್ಯದಲ್ಲಿ ನಾವು ಇದನ್ನೊಂದು ವಾದವಾಗಿ ನೋಡಿದ್ದೆವು. ಯಾರು ಸರಿ, ಯಾರು ತಪ್ಪು ಎಂಬುದೇ ಆಗ ಮುಖ್ಯವಾಗಿತ್ತು. ಈಗ ವಾದ ಹಿಂದೆ ಸರಿಯಿತು. ಗ್ರಂಥದಲ್ಲಿ ಉತ್ತರ ಕಾಣದ ವಿದ್ವಾಂಸ ಪ್ರಾಣೇಶಾಚಾರ್ಯನ ಭಯ ಮುಂದೆ ಬಂತು. ಈ ನಡುವೆ ನಮ್ಮ ಬಾಳಿನಲ್ಲೂ ಉತ್ತರವಿಲ್ಲದ ಪ್ರಶ್ನೆಗಳು ಬಂದುಹೋಗಿರಬೇಕು. ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದದ್ದು ಈ ಚಿತ್ರವನ್ನೇ. ಅನಂತರ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದದ್ದೂ ಇದಕ್ಕೇ. ಕೃತಿ ಒಂದು, ತೀರ್ಪು ಎರಡು. ಅಧಿಕಾರಕ್ಕೆ ಆದದ್ದೇ ನಮ್ಮ ಅಂತರಂಗಕ್ಕೂ ಆಗುತ್ತದೆ. ಚಿತ್ರದ ಒಂದು ದೃಶ್ಯವೂ ಬದಲಾಗಿರಲಿಲ್ಲ. ಅದರ ಮುಂದೆ ಕುಳಿತವರು ಬದಲಾಗಿದ್ದೆವು.

‘ತಬರನ ಕಥೆ’ ನಮಗೆ ಇನ್ನೂ ಸಮೀಪದ್ದು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ನೆಲೆಸಿ, ಈ ಮಣ್ಣಿನ ಜನರನ್ನು ಬಹುಕಾಲ ನೋಡಿ ಬರೆದವರು. ಅವರ ‘ಅಬಚೂರಿನ ಪೋಸ್ಟಾಫೀಸು’ ಎಂಬ ಒಂದೇ ಸಂಕಲನ ಕನ್ನಡಕ್ಕೆ ಹಲವು ಚಿತ್ರಗಳನ್ನು ಕೊಟ್ಟಿದೆ. ‘ತಬರನ ಕಥೆ’ಯನ್ನು ಗಿರೀಶ್ ಕಾಸರವಳ್ಳಿ ಚಿತ್ರವಾಗಿಸಿದರು. 1986ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ತಬರನಾದ ಚಾರುಹಾಸನ್ ಅತ್ಯುತ್ತಮ ನಟರಾದರು. ನಿವೃತ್ತ ಜವಾನ ಪಿಂಚಣಿಗಾಗಿ ಕಚೇರಿಯ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲಿನ ಹುಣ್ಣು ಕಡತಕ್ಕಾಗಿ ಕಾಯದೆ ಬೆಳೆಯುತ್ತದೆ. ನೋಡುತ್ತ ನೋಡುತ್ತ ನಾವೆಲ್ಲರೂ ತಬರನ ಪಕ್ಷ ಸೇರಿದೆವು. ಗುಮಾಸ್ತರ ಪಕ್ಷದಲ್ಲಿ ಒಬ್ಬರೂ ಉಳಿಯಲಿಲ್ಲ. ಆದರೆ ತಬರನ ಲೆಕ್ಕ ಗಂಟಾದದ್ದು ಕಾಫಿಯ ಕರ ವಸೂಲಾಗದೆ ಎಂಬ ಮಾತು ಬಂದಾಗ ಕೋಣೆಯಲ್ಲಿ ಕ್ಷಣಕಾಲ ಮಾತು ನಿಂತಿತು. ಕಾಫಿ ಬೆಳೆದವರ ಮನೆಯಲ್ಲಿ ಕುಳಿತು ಆ ಮಾತು ಕೇಳುವುದು ಸುಲಭವಲ್ಲ. ಮರುದಿನ ನಮ್ಮ ಅಭಿಪ್ರಾಯದಲ್ಲಿ ಕಚೇರಿಯ ನಿರ್ದಯತೆ ಇತ್ತು, ವ್ಯವಸ್ಥೆಯ ಜಡತೆ ಇತ್ತು. ಕಾಫಿಯ ಕರದ ಪ್ರಸ್ತಾಪ ಮಾತ್ರ ಇರಲಿಲ್ಲ. ಇದನ್ನು ಕಪಟವೆನ್ನಲಾಗದು. ನೋಯುವ ಕಡೆಯಿಂದ ಕಣ್ಣು ತಾನಾಗಿ ಹೊರಳುತ್ತದೆ. ಅಭಿಪ್ರಾಯ ನಾವು ಕಂಡದ್ದನ್ನು ಹೇಳುತ್ತದೆ. ಅದು ಬಿಟ್ಟುಬಿಟ್ಟದ್ದರಲ್ಲಿ ನಾವೇ ಇರುತ್ತೇವೆ.

ಸಮೀಪದ ಚಿತ್ರ ಹೀಗೆ ಮುಜುಗರ ತಂದರೆ ದೂರದ ಚಿತ್ರ ಆನಂದ ತಂದಿತು. ವಿಮ್ ವೆಂಡರ್ಸ್ 2023ರಲ್ಲಿ ಮಾಡಿದ ‘ಪರ್ಫೆಕ್ಟ್ ಡೇಸ್’ ಟೋಕಿಯೊದಲ್ಲಿ ಸಾರ್ವಜನಿಕ ಶೌಚಾಲಯ ತೊಳೆಯುವ ಹಿರಾಯಾಮನ ದಿನಚರಿ. ಆ ಪಾತ್ರಕ್ಕಾಗಿ ಕೋಜಿ ಯಾಕುಶೊ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟರೆನಿಸಿದರು. ಹಿರಾಯಾಮ ಮುಂಜಾನೆ ಏಳುತ್ತಾನೆ, ಗಿಡಗಳಿಗೆ ನೀರು ಹನಿಸುತ್ತಾನೆ, ಕೆಲಸವನ್ನು ಪೂಜೆಯಷ್ಟು ಶ್ರದ್ಧೆಯಿಂದ ಮಾಡುತ್ತಾನೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮರದ ಎಲೆಗಳ ನಡುವೆ ಸೋಸಿ ಬರುವ ಬಿಸಿಲಿನ ಚಿತ್ರ ತೆಗೆಯುತ್ತಾನೆ. ಆ ಬಿಸಿಲು ನಮಗೆ ಅಪರಿಚಿತವೇ? ನಮ್ಮ ಕಾಫಿ ಬೆಳೆಯುವುದೇ ಅದರ ಕೆಳಗೆ. ಆದರೆ ನಮಗೆ ಅದು ಲೆಕ್ಕದ ವಿಷಯ. ಮರಗಸಿ ಯಾವಾಗ ಮಾಡಿಸಬೇಕು, ಎಷ್ಟು ಕೊಂಬೆ ತೆಗೆದರೆ ಎಷ್ಟು ಬೆಳಕು ಇಳಿದೀತು ಎಂದಷ್ಟೇ ನಾವು ತಲೆಯೆತ್ತಿ ನೋಡುತ್ತೇವೆ. ಹಿರಾಯಾಮನ ಒಬ್ಬಂಟಿ ಕೋಣೆ ನಮಗೆ ಆಶ್ರಮದಂತೆ ಕಂಡಿತು. ತೋಟದ ಕಾರ್ಮಿಕರ ಲೈನ್ ಮನೆಗಳ ಮುಂದೆ ನಿತ್ಯ ಹಾದುಹೋಗುವ ನಮಗೆ ಅಲ್ಲಿಯ ದಿನಚರಿ ಎಂದೂ ಹಾಗೆ ಕಂಡಿರಲಿಲ್ಲ. ದೂರದ ದುಡಿಮೆಗೆ ಸೌಂದರ್ಯವಿದೆ. ಹತ್ತಿರದ ದುಡಿಮೆಗೆ ಹಾಜರಿ ಪುಸ್ತಕವಿದೆ. ಚಿತ್ರ ಅದ್ಭುತವಾಗಿದೆ ಎಂದು ನಾವು ಹೇಳಿದ್ದು ಸುಳ್ಳಲ್ಲ. ಆ ಮೆಚ್ಚುಗೆಯಲ್ಲಿ ದೂರದ ಪಾಲೂ ಇತ್ತು.

ನಗೆಯ ಚಿತ್ರಗಳಿಗೆ ನಾವು ಇನ್ನೊಂದು ಬಗೆಯ ಅನ್ಯಾಯ ಮಾಡುತ್ತೇವೆ. ಜೆ.ಪಿ. ತೂಮಿನಾಡು ಅವರ ‘ಸು ಫ್ರಮ್ ಸೋ’ 2025ರಲ್ಲಿ ಬಂದದ್ದು. ಕರಾವಳಿಯ ಹಳ್ಳಿಯಲ್ಲಿ ಒಬ್ಬ ತರುಣ ತನ್ನ ಅವಮಾನವನ್ನು ಮರೆಮಾಚಲು ಆಡಿದ ನಟನೆ ಇಡೀ ಊರಿನ ನಂಬಿಕೆಯಾಗಿ ಬೆಳೆಯುತ್ತದೆ. ನಾವು ಮನಸಾರೆ ನಕ್ಕೆವು. ಬೆಳಿಗ್ಗೆ ಕೇಳಿದರೆ, ಟೈಂಪಾಸ್‌ಗೆ ಚೆನ್ನಾಗಿದೆ ಎಂದು ಬದಿಗಿಟ್ಟೆವು. ಅತ್ತದ್ದಕ್ಕೆ ಗೌರವ, ನಕ್ಕದ್ದಕ್ಕೆ ಸಸಾರ: ಇದು ನಮ್ಮೆಲ್ಲರ ಹಳೆಯ ಅಭ್ಯಾಸ. ಆದರೆ ಕೆಲವು ದಿನಗಳ ಮೇಲೆ, ಯಾರೋ ಊರ ಸುದ್ದಿಯೊಂದನ್ನು ಹೇಳುತ್ತಿರುವಾಗ, ಒಬ್ಬನ ಸಣ್ಣ ಸುಳ್ಳು ಹತ್ತು ಬಾಯಿ ದಾಟಿ ಸತ್ಯವಾಗುವ ಆ ಕಥೆ ನೆನಪಾಯಿತು. ನಗೆ ತಕ್ಷಣ ಮುಗಿದಿತ್ತು. ಅರ್ಥ ಕಾದು ಕುಳಿತಿತ್ತು. ಗಂಭೀರ ಚಿತ್ರಗಳು ತಮ್ಮ ಅರ್ಥವನ್ನು ಮುಂಬಾಗಿಲಿನಿಂದ ತರುತ್ತವೆ. ಹಾಸ್ಯ ಅದನ್ನು ಹಿತ್ತಿಲಿನಿಂದ ತರುತ್ತದೆ. ಬಂದದ್ದು ನಮಗೆ ತಿಳಿಯಲು ತಡವಾಗುತ್ತದೆ, ಅಷ್ಟೆ.

ಈ ತಡದ ಮಹತ್ವ ಕಾಫಿಯ ರುಚಿ ಪರೀಕ್ಷಿಸುವವರಿಗೆ ಚೆನ್ನಾಗಿ ಗೊತ್ತು. ಅವರು ಪುಡಿಯ ಮೇಲೆ ಬಿಸಿನೀರು ಹಾಕಿ ಕಾಯುತ್ತಾರೆ. ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದು ಪರಿಮಳ ನೋಡುತ್ತಾರೆ. ಸ್ವಲ್ಪ ಆರಿದ ಮೇಲೆ ಸದ್ದಾಗುವಂತೆ ಹೀರುತ್ತಾರೆ. ಅಲ್ಲಿಗೆ ಮುಗಿಯದು. ಉಗುರುಬೆಚ್ಚಗಾದಾಗ ಮತ್ತೊಮ್ಮೆ, ಪೂರ್ಣ ತಣ್ಣಗಾದಾಗ ಮಗದೊಮ್ಮೆ ಅದೇ ಬಟ್ಟಲಿಗೆ ಮರಳುತ್ತಾರೆ. ಬಿಸಿ ಅನೇಕ ದೋಷಗಳನ್ನು ಮುಚ್ಚುತ್ತದೆ, ಕೆಲವು ಗುಣಗಳನ್ನೂ ಮುಚ್ಚುತ್ತದೆ. ಆರಿದ ಮೇಲೆ ಬೀಜ ತನ್ನ ನಿಜ ಹೇಳುತ್ತದೆ. ಎಲ್ಲರೂ ಅಂಕ ಹಾಕುವವರೆಗೆ ಒಬ್ಬರು ಇನ್ನೊಬ್ಬರಿಗೆ ತಮ್ಮ ಅಭಿಪ್ರಾಯ ಹೇಳದಿರುವುದು ಅಲ್ಲಿಯ ಶಿಸ್ತು. ಕೇಳಿದ ಮಾತು ನಾಲಿಗೆಯ ರುಚಿಯನ್ನೇ ಬದಲಿಸಬಲ್ಲದು. ಚಿತ್ರದ ವಿಷಯದಲ್ಲಿ ನಾವು ಇದಕ್ಕೆ ವಿರುದ್ಧವಾಗಿ ನಡೆಯುತ್ತೇವೆ. ಇತರರ ಅಭಿಪ್ರಾಯ ಕೇಳಿ ನೋಡಲು ಕೂರುತ್ತೇವೆ, ಬಿಸಿಯಿರುವಾಗಲೇ ಅಂಕ ಕೊಡುತ್ತೇವೆ, ಆರಿದ ಮೇಲೆ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಒಂದೇ ಮನೆಯಲ್ಲಿ ಒಂದೇ ಚಿತ್ರ ಎರಡಾಗುವುದೂ ಉಂಟು. ಒಬ್ಬರ ಕಣ್ಣು ತುಂಬುತ್ತದೆ, ಪಕ್ಕದವರಿಗೆ ಆಕಳಿಕೆ ಬರುತ್ತದೆ. ಹಿರಿಯರಿಗೆ ಹಿತವಾದ ನಿಧಾನ ಕಿರಿಯರಿಗೆ ಶಿಕ್ಷೆಯಾಗುತ್ತದೆ. ಆಗ ನಾವು ನಮ್ಮ ಅಭಿಪ್ರಾಯವನ್ನು ಆಸ್ತಿಯಂತೆ ಕಾಯಲು ತೊಡಗುತ್ತೇವೆ. ಚಿತ್ರವನ್ನು ಒಪ್ಪದವರು ನಮ್ಮನ್ನೇ ಒಪ್ಪಲಿಲ್ಲವೆಂದು ಮುನಿಯುತ್ತೇವೆ. ಕಣ್ಣೀರು ನಿಜವಾಗಿತ್ತು, ಆಕಳಿಕೆಯೂ ನಿಜವಾಗಿತ್ತು. ದಣಿದ ದೇಹ ಒಂದು ಚಿತ್ರವನ್ನು ನೋಡುತ್ತದೆ, ನೊಂದ ಹೃದಯ ಮತ್ತೊಂದನ್ನು ನೋಡುತ್ತದೆ. ಇಬ್ಬರೂ ತಮಗೆ ದೊರೆತದ್ದನ್ನು ಹೇಳುತ್ತಿದ್ದಾರೆ ಎಂದು ತಿಳಿದರೆ ವಾದ ಸಂವಾದವಾಗುತ್ತದೆ. ಪಕ್ಕದವರು ಕಂಡ ಚಿತ್ರವೂ ಆಗ ನಮ್ಮದಾಗುತ್ತದೆ.

ನೋಡುವ ಮೊದಲೇ ಕಟ್ಟಿಕೊಂಡ ಅಭಿಪ್ರಾಯದ ಕಥೆಯೇ ‘ಡೇರ್‌ಡೆವಿಲ್ ಮುಸ್ತಫಾ’. ಅದೂ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ್ದೇ. ಶಶಾಂಕ್ ಸೋಗಾಲ್ ನಿರ್ದೇಶಿಸಿ, ತೇಜಸ್ವಿಯವರ ಓದುಗರೇ ಹಣ ಕೂಡಿಸಿ, 2023ರಲ್ಲಿ ತೆರೆಗೆ ತಂದದ್ದು. ಅಬಚೂರಿನ ಕಾಲೇಜಿಗೆ ಮುಸ್ತಫಾ ಬರುತ್ತಾನೆ. ಹುಡುಗರು ಅವನನ್ನು ಅರಿಯುವ ಮೊದಲೇ ಅವನ ವಿಷಯ ಎಲ್ಲವೂ ಗೊತ್ತೆಂದು ಭಾವಿಸಿರುತ್ತಾರೆ. ಗೊತ್ತಿರುವುದು ಹೆಸರು ಮಾತ್ರ. ಉಳಿದದ್ದನ್ನು ಭಯ ತುಂಬಿಕೊಂಡಿದೆ, ಊಹೆ ತುಂಬಿಕೊಂಡಿದೆ. ಜೊತೆಯಲ್ಲಿ ಕ್ರಿಕೆಟ್ ಆಡುವಾಗ ಹೆಸರಿನ ಹಿಂದಿನ ಹುಡುಗ ಕಾಣತೊಡಗುತ್ತಾನೆ. ಚಿತ್ರ ಇದನ್ನು ಉಪದೇಶವಾಗಿ ಹೇಳುವುದಿಲ್ಲ, ಚೇಷ್ಟೆಯಾಗಿ ಹೇಳುತ್ತದೆ. ಅಂಥ ಹುಡುಗರನ್ನು ಕಂಡು ನಗುವುದು ಸುಲಭ. ನಮ್ಮೊಳಗೂ ಅಂಥ ತರಗತಿಯೊಂದು ಸದಾ ನಡೆಯುತ್ತಿರುತ್ತದೆ.

‘ಭೂತಯ್ಯನ ಮಗ ಅಯ್ಯು’ ಇದನ್ನೇ ಇನ್ನಷ್ಟು ಆಳಕ್ಕೆ ಒಯ್ಯುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಕಥೆಯಿಂದ ಸಿದ್ಧಲಿಂಗಯ್ಯನವರು 1974ರಲ್ಲಿ ರೂಪಿಸಿದ ಈ ಚಿತ್ರಕ್ಕೆ ಊರಾದದ್ದು ಚಿಕ್ಕಮಗಳೂರಿನ ಹತ್ತಿರದ ಕಳಸಾಪುರ. ಬಡ್ಡಿಗೆ ಸಾಲ ಕೊಡುವ ಭೂತಯ್ಯ ಊರಿನ ದ್ವೇಷವನ್ನು ಗಳಿಸಿಟ್ಟು ಹೋಗುತ್ತಾನೆ. ಮಗ ಅಯ್ಯುವಿಗೆ ಹೊಲಮನೆಯ ಜೊತೆಗೆ ಆ ದ್ವೇಷವೂ ಪಿತ್ರಾರ್ಜಿತವಾಗಿ ಬರುತ್ತದೆ. ಲೋಕೇಶರ ಅಯ್ಯು, ಅವನ ಎದುರಾಳಿಯಾದ ವಿಷ್ಣುವರ್ಧನರ ಗುಳ್ಳ, ಇಬ್ಬರೂ ಕೆಟ್ಟವರಲ್ಲ. ತಂದೆಯ ಕಾಲದ ಅಭಿಪ್ರಾಯ ಮಕ್ಕಳ ಕಾಲದಲ್ಲಿ ವೈರವಾಗಿ ನಿಂತಿದೆ. ಅವರನ್ನು ಒಂದುಗೂಡಿಸಲು ಕೊನೆಗೆ ಪ್ರವಾಹವೇ ಬರಬೇಕಾಗುತ್ತದೆ. ಊರಿಗೆ ಭೂತಯ್ಯನ ವಿಷಯದಲ್ಲಿದ್ದ ಅಭಿಪ್ರಾಯ ತಪ್ಪಾಗಿರಲಿಲ್ಲ. ಅದರ ಕಾಲ ಮುಗಿದಿತ್ತು. ಕಾಲ ಮುಗಿದ ಮೇಲೂ ಅದು ಊರಿನಲ್ಲಿ ವಾಸವಾಗಿತ್ತು.

ಇಲ್ಲಿ ನಮ್ಮ ಸ್ವಭಾವದ ಒಂದು ವಿಚಿತ್ರ ಗೋಚರಿಸುತ್ತದೆ. ಚಿತ್ರ ಎಂದೂ ಬದಲಾಗದು. ತೆರೆಯ ಮೇಲೆ ತಬರ ಅದೇ ಮೆಟ್ಟಿಲನ್ನು ಹತ್ತುತ್ತಾನೆ, ಹಿರಾಯಾಮ ಅದೇ ಬೆಳಕನ್ನು ನೋಡುತ್ತಾನೆ. ಆದರೂ ಅವರ ವಿಷಯದಲ್ಲಿ ನಮ್ಮ ಅಭಿಪ್ರಾಯ ಬದಲಾಗುತ್ತದೆ. ಹಳೆಯ ಚಿತ್ರವನ್ನು ಮತ್ತೆ ನೋಡಿ, ಅಂದು ಅರ್ಥವಾಗಿರಲಿಲ್ಲ ಎಂದು ಸಂತೋಷದಿಂದಲೇ ಒಪ್ಪುತ್ತೇವೆ. ಮನುಷ್ಯರಾದರೋ ದಿನದಿನಕ್ಕೂ ಬದಲಾಗುವವರು. ಎಂದೋ ಒರಟಾಗಿ ಮಾತನಾಡಿದ ಬಂಧು ಈಗ ಮೆತ್ತಗಾಗಿರಬಹುದು. ಎಂದೋ ಮಾತು ತಪ್ಪಿದ ನೆರೆಯವರು ಅನಂತರ ಹತ್ತು ಸಲ ಮಾತು ಉಳಿಸಿಕೊಂಡಿರಬಹುದು. ಅವರ ವಿಷಯದಲ್ಲಿ ನಮ್ಮ ಅಭಿಪ್ರಾಯ ಮಾತ್ರ ಅಂದಿನದೇ. ಬದಲಾಗದ ಚಿತ್ರಕ್ಕೆ ನಾವು ಮರುನೋಟ ಕೊಡುತ್ತೇವೆ. ಬದಲಾಗುವ ಮನುಷ್ಯರಿಗೆ ಮೊದಲ ನೋಟವನ್ನೇ ಉಳಿಸಿಕೊಂಡಿರುತ್ತೇವೆ.

ಚಿತ್ರದ ಬಗೆಗಿನ ಅಭಿಪ್ರಾಯ ತಿದ್ದಿಕೊಂಡರೆ ಯಾವ ನಷ್ಟವೂ ಇಲ್ಲ, ಅಭಿಮಾನಕ್ಕೆ ಪೆಟ್ಟೂ ಇಲ್ಲ. ಆದ್ದರಿಂದಲೇ ಅದು ಅಭ್ಯಾಸಕ್ಕೆ ಯೋಗ್ಯವಾದ ಸ್ಥಳ. ಅಲ್ಲಿ ಕಲಿತ ಮೃದುತ್ವವನ್ನು ಜೊತೆಯಲ್ಲಿ ಬಾಳುವವರಿಗೂ ಅಷ್ಟಿಷ್ಟು ವಿಸ್ತರಿಸಬಹುದು. ಅಭಿಪ್ರಾಯವಿಲ್ಲದೆ ಬದುಕಲು ನಮ್ಮಿಂದಾಗದು. ಅದು ಬೇಕಾಗಿಯೂ ಇಲ್ಲ. ಇದು ನಾವು ಇಂದು, ಇಲ್ಲಿಂದ ಕಂಡದ್ದು ಎಂಬ ಅರಿವು ಅದರ ಜೊತೆಗಿದ್ದರೆ ಸಾಕು. ನಮ್ಮ ವಿಷಯದಲ್ಲಿಯೂ ಯಾರೋ ಎಂದೋ ಒಂದು ಅಭಿಪ್ರಾಯ ಮಾಡಿಕೊಂಡಿರುತ್ತಾರೆ. ಅವರು ನಮ್ಮನ್ನು ಇನ್ನೊಮ್ಮೆ ನೋಡಲಿ ಎಂಬ ಆಸೆ ನಮ್ಮಲ್ಲಿ ಯಾರಿಗಿಲ್ಲ?