ಬಿಟ್ಟ ಓಟ, ಬಿಗಿದ ತಂತಿ

ರಾಜಗೃಹದ ಹತ್ತಿರದ ಸೀತವನದಲ್ಲಿ ಸೋಣನೆಂಬ ಹೊಸ ಭಿಕ್ಷುವಿದ್ದ. ಸಿರಿವಂತರ ಮನೆಯ ಮಗ. ಅಂಗಾಲಿನಲ್ಲಿ ರೋಮ ಬೆಳೆದಿತ್ತು ಎಂದು ಪಾಲಿ ಗ್ರಂಥಗಳು ಹೇಳುತ್ತವೆ. ಅಷ್ಟು ಸುಖದಲ್ಲಿ ಬೆಳೆದ ಕಾಲು. ಎಲ್ಲ ಬಿಟ್ಟು ಬಂದ ಹುರುಪಿನಲ್ಲಿ ಅವನು ಚಂಕ್ರಮಣಕ್ಕೆ ನಿಂತ. ಚಂಕ್ರಮಣವೆಂದರೆ ಗೊತ್ತಾದ ಒಂದು ಜಾಡಿನಲ್ಲಿ ಅತ್ತಿಂದಿತ್ತ, ಇತ್ತಿಂದತ್ತ ನಡೆಯುತ್ತಲೇ ಮಾಡುವ ಧ್ಯಾನ. ಅಂಗಾಲು ಒಡೆಯಿತು, ರಕ್ತ ಸುರಿಯಿತು, ಅವನು ನಿಲ್ಲಲಿಲ್ಲ. ದನ ಕಡಿಯುವ ಜಾಗದಂತೆ ಆ ಜಾಡು ರಕ್ತಮಯವಾಗಿತ್ತು ಎಂದು ವಿನಯಪಿಟಕದ ಮಹಾವಗ್ಗ ವರ್ಣಿಸುತ್ತದೆ. ಇಷ್ಟು ಮಾಡಿದರೂ ಬಿಡುಗಡೆ ಸಿಗಲಿಲ್ಲ. ಆಗ ಅವನಿಗೆ ಬಂದ ಯೋಚನೆ ಇದು: ಮನೆಯಲ್ಲಿ ಬೇಕಾದಷ್ಟು ಆಸ್ತಿಯಿದೆ, ವಾಪಸು ಹೋಗಿ ಸುಖವಾಗಿದ್ದುಕೊಂಡು ದಾನಧರ್ಮ ಮಾಡಿದರಾಯಿತು.

ಈ ಸೋಣ ಇವತ್ತಿಗೂ ಯಾವ ಊರಿನ ಪಾರ್ಕಿಗೆ ಹೋದರೂ ಸಿಗುತ್ತಾನೆ. ಒಂದು ಕಾಲಕ್ಕೆ ದಿನಾ ಐದಾರು ಕಿಲೋಮೀಟರ್ ಓಡುತ್ತಿದ್ದವನು. ಮದುವೆ, ಮಕ್ಕಳು, ವರ್ಗಾವಣೆ, ಅಪ್ಪನ ಕಾಯಿಲೆ ಎಂದು ಓಟ ಬಿಟ್ಟು ಹತ್ತು ವರ್ಷವಾಗಿದೆ. ಒಂದು ದಿನ ರಕ್ತಪರೀಕ್ಷೆಯ ವರದಿ ನೋಡಿದ ಡಾಕ್ಟರು ಮುಖ ಗಂಟಿಕ್ಕುತ್ತಾರೆ. ಮರುದಿನ ಬೆಳಗ್ಗೆಯೇ ಹಳೆಯ ಶೂ ಹುಡುಕಿ, ಅದರೊಳಗಿನ ಜೇಡರಬಲೆ ಒರೆಸಿ, ಆತ ಹಳೆಯ ವೇಗದಲ್ಲೇ ಹೊರಡುತ್ತಾನೆ. ಎದೆ ಡವಗುಟ್ಟುತ್ತದೆ, ಮೀನಖಂಡ ಕಲ್ಲಾಗುತ್ತದೆ. ನಾಲ್ಕನೆಯ ದಿನ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಗುತ್ತದೆ. ಐದನೆಯ ದಿನ ಶೂ ಮತ್ತೆ ಮೂಲೆ ಸೇರುತ್ತದೆ.

ಮೇಲ್ನೋಟಕ್ಕೆ ಇದು ವ್ಯಾಯಾಮದ ಮಾತು. ಆದರೆ ಇದರ ಬುಡದಲ್ಲಿರುವ ಎರಡು ಪ್ರಶ್ನೆಗಳನ್ನು ನಮ್ಮ ಧರ್ಮಗ್ರಂಥಗಳು ಬಹಳ ಹಿಂದೆಯೇ ಎತ್ತಿಕೊಂಡಿವೆ. ನಡುವೆ ಕೈಬಿಟ್ಟ ಸಾಧನೆ ಪೂರಾ ವ್ಯರ್ಥವೇ? ಶ್ರದ್ಧೆಯನ್ನು ಅಳೆಯಬೇಕಾದದ್ದು ಪಟ್ಟ ನೋವಿನಿಂದಲೇ?

ಮೊದಲನೆಯದನ್ನು ಕೇಳಿದವನು ಅರ್ಜುನ. ಗೀತೆಯ ಆರನೆಯ ಅಧ್ಯಾಯದಲ್ಲಿ ಕೃಷ್ಣ ಅಭ್ಯಾಸದ ಬಗ್ಗೆ ಹೇಳಿ ಮುಗಿಸುವ ಹೊತ್ತಿಗೆ ಅರ್ಜುನನಿಗೆ ಒಂದು ಭಯ ಹುಟ್ಟುತ್ತದೆ. ಶ್ರದ್ಧೆಯಿದ್ದೂ ಮನಸ್ಸು ಜಾರಿ ಯೋಗದಿಂದ ಹೊರಬಿದ್ದವನ ಗತಿಯೇನು? ಇತ್ತ ಸಂಸಾರವೂ ಇಲ್ಲ, ಅತ್ತ ಸಿದ್ಧಿಯೂ ಇಲ್ಲ. ಹರಿದ ಮೋಡದ ಚೂರಿನಂತೆ ಅವನು ನಾಶವಾಗುವುದಿಲ್ಲವೇ? ಕೃಷ್ಣನ ಉತ್ತರದಲ್ಲಿ ಗದರಿಕೆಯಿಲ್ಲ. ಒಳ್ಳೆಯದನ್ನು ಮಾಡಿದವನಿಗೆ ದುರ್ಗತಿಯಿಲ್ಲ ಎನ್ನುತ್ತಾನೆ. ಅಂಥವನು ಮತ್ತೆ ಹುಟ್ಟಿ ಬಂದಾಗ ಹಿಂದಿನ ಅಭ್ಯಾಸವೇ ಅವನನ್ನು, ತನ್ನ ಇಚ್ಛೆ ಮೀರಿ ಎಂಬಂತೆ, ಮುಂದಕ್ಕೆ ಸೆಳೆಯುತ್ತದೆ ಎನ್ನುತ್ತಾನೆ. ಹೀಗೆ ಬಿಟ್ಟುಬಂದವನಿಗೂ ಗೀತೆ ಒಂದು ಹೆಸರಿಟ್ಟಿದೆ: ಯೋಗಭ್ರಷ್ಟ. ಕೇಳಲು ಬೈಗುಳದಂತಿದೆ. ಆದರೆ ಅಲ್ಲಿ ಅವನಿಗೆ ಸಿಗುವುದು ಆಶ್ವಾಸನೆ.

ಗೀತೆ ಹೇಳಿದ್ದು ಜನ್ಮಾಂತರದ ಮಾತು. ಅದನ್ನು ಹೃದಯ, ಶ್ವಾಸಕೋಶಗಳ ಲೆಕ್ಕಕ್ಕೆ ಇಳಿಸಿ ‘ವಿಜ್ಞಾನವೂ ಇದನ್ನೇ ಹೇಳಿದೆ’ ಎನ್ನುವುದು ಸರಿಯಲ್ಲ. ಆದರೂ ದೇಹದ ವಿಷಯದಲ್ಲಿ ಅರ್ಜುನನ ಪ್ರಶ್ನೆಯನ್ನೇ ಇಟ್ಟುಕೊಂಡು ನಡೆಸಿದಂತಿರುವ ಒಂದು ಪ್ರಯೋಗವಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಆರೋಗ್ಯವಂತ ಯುವಕರನ್ನು ಸಂಶೋಧಕರು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಶಕ್ತಿ ಅಷ್ಟರಲ್ಲೇ ಕಾಲು ಭಾಗದಷ್ಟು ಕುಸಿಯಿತು. 30 ವರ್ಷದ ಮೇಲೆ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆಸಿದರು. ಎಲ್ಲರಿಗೂ ಈಗ 50. ತೂಕ ಏರಿತ್ತು, ಬೊಜ್ಜು ಸೇರಿತ್ತು. ಹಾಗಿದ್ದರೂ ಮೂವತ್ತು ವರ್ಷದ ವಯಸ್ಸು ಆ ಶಕ್ತಿಗೆ ಮಾಡಿದ ಹಾನಿ, ಅಂದು ಮೂರು ವಾರ ಮಲಗಿದ್ದರಿಂದ ಆದ ಹಾನಿಗಿಂತ ಕಡಿಮೆಯಿತ್ತು. ಆಮೇಲೆ ಅವರಿಗೆ ಆರು ತಿಂಗಳ ತರಬೇತಿ ಕೊಟ್ಟರು. ನಡಿಗೆ, ನಿಧಾನ ಓಟ, ನಿಂತಲ್ಲೇ ತುಳಿಯುವ ಸೈಕಲ್, ಇಷ್ಟೇ. ಅದನ್ನೂ ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದರು. ಆಮ್ಲಜನಕ ಬಳಸಿಕೊಳ್ಳುವ ಆ ಶಕ್ತಿ ಇಪ್ಪತ್ತರ ಹರೆಯದಲ್ಲಿ ಎಷ್ಟಿತ್ತೋ ಅಷ್ಟಕ್ಕೆ ಮರಳಿತು.

ಐವರ ಮೇಲಿನ ಪ್ರಯೋಗದಿಂದ ಲೋಕಕ್ಕೆಲ್ಲ ನಿಯಮ ಕಟ್ಟಲಾಗದು, ನಿಜ. ಆದರೆ ಹತ್ತು ವರ್ಷ ಓಟ ಬಿಟ್ಟವನಿಗೆ ಕೈಚೆಲ್ಲಲು ಕಾರಣವಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಎರಡನೆಯ ಪ್ರಶ್ನೆ ಇನ್ನೂ ತೊಡಕಿನದು. ಕಾಳಿದಾಸನ ‘ಕುಮಾರಸಂಭವ’ದ ಐದನೆಯ ಸರ್ಗದಲ್ಲಿ ಪಾರ್ವತಿ ಘೋರ ತಪಸ್ಸಿಗೆ ನಿಂತಿದ್ದಾಳೆ. ಶಿವ ಬ್ರಹ್ಮಚಾರಿಯ ವೇಷದಲ್ಲಿ ಬಂದು ಕುಶಲ ವಿಚಾರಿಸುತ್ತಾನೆ. ಧರ್ಮಸಾಧನೆಗೆ ಶರೀರವೇ ಮೊದಲ ಸಾಧನ ಎಂಬ ಪ್ರಸಿದ್ಧ ಮಾತು ಬರುವುದು ಅಲ್ಲಿಯೇ. ಆ ಮಾತನ್ನು ವ್ಯಾಯಾಮಶಾಲೆಯ ಗೋಡೆಗಳ ಮೇಲೂ ಬರೆಸುತ್ತಾರೆ. ಆದರೆ ಅದೇ ಶ್ಲೋಕದಲ್ಲಿ ಅದಕ್ಕೆ ಮುಂಚೆ ಬರುವ ಪ್ರಶ್ನೆಯನ್ನು ಯಾರೂ ಬರೆಸುವುದಿಲ್ಲ. ನಿನ್ನ ಶಕ್ತಿಗೆ ತಕ್ಕಂತೆ ತಪಸ್ಸು ಮಾಡುತ್ತಿದ್ದೀಯಾ ತಾನೇ ಎಂದು ಶಿವ ಕೇಳುತ್ತಾನೆ. ಶರೀರದ ಮಹಿಮೆ ಹೇಳಿದ್ದು ಆ ಪ್ರಶ್ನೆಗೆ ಸಮರ್ಥನೆಯಾಗಿ. ಪ್ರಶ್ನೆಯನ್ನು ಕೈಬಿಟ್ಟು ಸಮರ್ಥನೆಯನ್ನಷ್ಟೇ ಹೇಳುವವರು ಶ್ಲೋಕದ ಜೀವವನ್ನೇ ಬಿಟ್ಟಂತೆ.

ಶಕ್ತಿಗೆ ತಕ್ಕಂತೆ ಎಂದರೆ ಎಷ್ಟು? ಆಯುರ್ವೇದದ ವೈದ್ಯರು ಇದಕ್ಕೆ ಅಳತೆ ಕೊಟ್ಟಿದ್ದಾರೆ. ವಾಗ್ಭಟನ ‘ಅಷ್ಟಾಂಗಹೃದಯ’ದ ಪ್ರಕಾರ, ಬಲವಂತನಾಗಿ ಜಿಡ್ಡಿನ ಊಟ ಉಣ್ಣುವವನು ಕೂಡ ಚಳಿಗಾಲ, ವಸಂತಗಳಲ್ಲಿ ತನ್ನ ಅರ್ಧ ಶಕ್ತಿಯಷ್ಟೇ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತ ಕಡಿಮೆ. ಮಿತಿ ಮೀರಿದವನು ಆನೆಯನ್ನು ಎಳೆಯಹೋದ ಸಿಂಹದಂತೆ ನಾಶವಾಗುತ್ತಾನೆಂದು ವಾಗ್ಭಟ ಎಚ್ಚರಿಸುತ್ತಾನೆ. ಅರ್ಧ ಶಕ್ತಿ ಮುಗಿಯಿತೆಂದು ತಿಳಿಯುವ ಗುರುತನ್ನು ಸುಶ್ರುತ ಕೊಟ್ಟಿದ್ದಾನೆ: ಎದೆಯ ಉಸಿರು ಬಾಯಿಗೆ ಬಂದಾಗ. ಇವತ್ತಿನ ತರಬೇತುದಾರರು ‘ಟಾಕ್ ಟೆಸ್ಟ್’ ಎನ್ನುವುದೂ ಇದರ ಹತ್ತಿರದ್ದೇ. ಓಡುತ್ತ ಪಕ್ಕದವರ ಜೊತೆ ಮಾತಾಡಬಹುದು, ಆದರೆ ಹಾಡಲು ಆಗುವುದಿಲ್ಲ ಎಂದರೆ ಅದು ಮಧ್ಯಮ ಶ್ರಮ. ಎರಡು ಮೂರು ಪದಕ್ಕೇ ಉಸಿರು ಕಟ್ಟಿದರೆ ಬಿರುಸಿನ ಶ್ರಮ. ಮರಳಿ ಓಟಕ್ಕಿಳಿಯುವವನು ಬಹುಕಾಲ ಮಾತಾಡುವ ವೇಗದಲ್ಲೇ ಇರುವುದು ಕ್ಷೇಮ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಸಲೀಸಾಯಿತೆಂದು ವೇಗ ಹೆಚ್ಚಿಸಿದವನ ಹಿಮ್ಮಡಿ, ಮೊಣಗಂಟುಗಳು ಹಿಡಿದುಕೊಳ್ಳುವುದು ಈ ವ್ಯತ್ಯಾಸದಿಂದಲೇ.

ಹಾಗಾದರೆ ಹರಕೆ ಹೊತ್ತು ದೇಹ ದಂಡಿಸುವವರ ಮಾತೇನು? ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಹೆಗಲ ಮೇಲೆ ಹೊರುವ ಮಲ್ಲಯ್ಯನ ಕಂಬಿಯ ಜೊತೆ ಶ್ರೀಶೈಲಕ್ಕೆ ನೂರಾರು ಕಿಲೋಮೀಟರ್ ನಡೆಯುವವರಿದ್ದಾರೆ. ಅವರು ಹೃದಯದ ಬಡಿತ ಎಣಿಸುವುದಿಲ್ಲ. ಕಾಲಲ್ಲಿ ಬೊಬ್ಬೆ ಎದ್ದರೆ ಬಟ್ಟೆ ಸುತ್ತಿಕೊಂಡು ಮತ್ತೆ ಹೆಜ್ಜೆ ಹಾಕುತ್ತಾರೆ. ಅವರನ್ನು ಅವಿವೇಕಿಗಳು ಎನ್ನುವ ಧೈರ್ಯ ಯಾರಿಗೂ ಬೇಡ. ಆ ನಡಿಗೆಯಲ್ಲಿ ಒಬ್ಬನ ಹಟಕ್ಕಿಂತ ಊರಿನ ಸಂಗ ದೊಡ್ಡದು; ದಾರಿಯುದ್ದಕ್ಕೂ ಊಟ, ನೀರು, ಕಾಲಿಗೆ ಔಷಧಿ ಹಿಡಿದು ಕಾಯುವ ಜನರಿದ್ದಾರೆ. ಸುಸ್ತಾದವನನ್ನು ಹಿಂದೆ ಬಿಟ್ಟು ಮುಂದೆ ಹೋಗುವುದು ಅಲ್ಲಿಯ ರೀತಿಯಲ್ಲ.

ಇನ್ನೂ ಕಠಿಣವಾದದ್ದನ್ನು ನೋಡಬೇಕೆಂದರೆ ಜಪಾನಿನ ಕ್ಯೋಟೋ ಪಕ್ಕದ ಹಿಯೆ ಪರ್ವತಕ್ಕೆ ಹೋಗಬೇಕು. ಅಲ್ಲಿಯ ತೆಂದಾಯ್ ಪಂಥದ ಕೆಲವೇ ಭಿಕ್ಷುಗಳು ಕೈಹೋಗ್ಯೋ ಎಂಬ ವ್ರತ ಹಿಡಿಯುತ್ತಾರೆ: ಏಳು ವರ್ಷಗಳಲ್ಲಿ ಒಂದು ಸಾವಿರ ದಿನ, ಹುಲ್ಲಿನ ಚಪ್ಪಲಿ ಮೆಟ್ಟಿ ಬೆಟ್ಟ ಸುತ್ತುವುದು. ಸೋತರೆ ಪ್ರಾಣ ಬಿಡುವ ಸಂಕೇತವಾಗಿ ಸೊಂಟದಲ್ಲಿ ಹಗ್ಗ, ಚೂರಿ ಇರುತ್ತವೆ. ಲೋಕದ ಪತ್ರಿಕೆಗಳು ಇವರನ್ನು ಮ್ಯಾರಥಾನ್ ಭಿಕ್ಷುಗಳೆಂದು ಕರೆದು, ಏಳನೆಯ ವರ್ಷದ ದಿನಕ್ಕೆ 84 ಕಿಲೋಮೀಟರ್ ಎಂಬ ಸಂಖ್ಯೆಯನ್ನೇ ಎತ್ತಿ ಹೇಳುತ್ತವೆ. ಆದರೆ ಮೊದಲ ಮೂರು ವರ್ಷ ವರ್ಷಕ್ಕೆ ನೂರೇ ದಿನ, ದಿನಕ್ಕೆ ಸುಮಾರು 30 ಕಿಲೋಮೀಟರ್. ನಾಲ್ಕು, ಐದನೆಯ ವರ್ಷಗಳಲ್ಲಿ ದಿನಗಳು ಇನ್ನೂರಾಗುತ್ತವೆ, ದೂರ ಹೆಚ್ಚುವುದಿಲ್ಲ. ಅರವತ್ತು ಕಿಲೋಮೀಟರಿಗೆ ಏರುವುದು ಆರನೆಯ ವರ್ಷದಲ್ಲಿ. ಜಾಡಿನ ನೂರಾರು ಸ್ಥಳಗಳಲ್ಲಿ, ಒಂದು ಮರ, ಒಂದು ಬಂಡೆ, ಒಂದು ಗುಡಿಯ ಮುಂದೆ, ನಿಂತು ಪ್ರಾರ್ಥಿಸಿಯೇ ಮುಂದೆ ಹೋಗಬೇಕು. ಲೋಕದ ಅತಿ ಕಠೋರ ನಡಿಗೆಯೂ ಮೆಟ್ಟಿಲು ಮೆಟ್ಟಿಲಾಗಿಯೇ ಏರುತ್ತದೆ. ಸಾವನ್ನು ಪಣಕ್ಕಿಡುವ ಆ ವ್ರತ ಸಂಸಾರಿಗಳಿಗೆ ಮಾದರಿಯಲ್ಲ. ಏರಿಕೆಯ ಆ ಕ್ರಮವನ್ನು ಮಾತ್ರ ಯಾರು ಬೇಕಾದರೂ ಕಲಿಯಬಹುದು. ಗೀತೆಯ ಹದಿನೇಳನೆಯ ಅಧ್ಯಾಯವಂತೂ ಮೂಢ ಹಟದಿಂದ ತನ್ನನ್ನೇ ಹಿಂಸಿಸಿಕೊಂಡು ಮಾಡುವ ತಪಸ್ಸನ್ನು ನೇರವಾಗಿ ತಾಮಸವೆಂದಿದೆ.

ಓಟವೇ ಆಗಬೇಕೆಂದೂ ಇಲ್ಲ. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡರಿಂದ ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಮಂಡಿ ಸವೆದವರಿಗೆ ಸೈಕಲ್ಲು, ಈಜು ಒಳ್ಳೆಯದು. ಏನೂ ಬೇಡ ಎನ್ನುವವರಿಗೆ ಬಿರುನಡಿಗೆಯಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷಗಳ ಬಿರುಸಿನ ಶ್ರಮ. ಅಂಗುತ್ತರ ನಿಕಾಯದಲ್ಲಿ ಬುದ್ಧ ಚಂಕ್ರಮಣದ ಐದು ಫಲ ಹೇಳುತ್ತಾನೆ: ದೂರ ಪಯಣಕ್ಕೆ ದೇಹ ಒಗ್ಗುತ್ತದೆ, ಪ್ರಯತ್ನಕ್ಕೆ ಶಕ್ತಿ ಬರುತ್ತದೆ, ಕಾಯಿಲೆ ಕಡಿಮೆಯಾಗುತ್ತದೆ, ಉಂಡದ್ದು ಅರಗುತ್ತದೆ, ನಡೆಯುತ್ತ ಪಡೆದ ಏಕಾಗ್ರತೆ ಬಹುಕಾಲ ನಿಲ್ಲುತ್ತದೆ. ಐದರಲ್ಲಿ ನಾಲ್ಕು ದೇಹಕ್ಕೇ ಸೇರಿದವು. ಬೆಳಗಿನ ಜಾವ ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲ ಬಳಿ ನಿಂತರೆ ಈ ಐದೂ ಒಟ್ಟಿಗೆ ಕಾಣುತ್ತವೆ. ಕೈಗಡಿಯಾರ ನೋಡುತ್ತ ಏದುಸಿರಿನಲ್ಲಿ ಓಡುವ ಹುಡುಗನ ಪಕ್ಕದಲ್ಲೇ, ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತ ಏರುವ ಹೆಂಗಸು. ಸಾವಿರ ಮೆಟ್ಟಿಲಿಗೆ ಸಾವಿರ ಸಲ ಬಗ್ಗಿ ಏಳುವ ಆಕೆಯ ಶ್ರಮ ಓಟಗಾರನದಕ್ಕಿಂತ ಕಡಿಮೆಯೇನಲ್ಲ. ದಾರಿಯಲ್ಲಿನ ನಂದಿಯ ವಿಗ್ರಹದ ಹತ್ತಿರ ಬಂದಾಗ ಇಬ್ಬರೂ ನಿಂತು ಸುಧಾರಿಸಿಕೊಳ್ಳುತ್ತಾರೆ.

ಮರಳಿ ಬಂದವರಲ್ಲಿ ಫೌಜಾ ಸಿಂಗರ ಹೆಸರು ಬಿಡುವಂತಿಲ್ಲ. ಪಂಜಾಬಿನ ರೈತ. ಬಾಲ್ಯದಲ್ಲಿ ಐದು ವರ್ಷದವರೆಗೆ ನಡೆಯಲೂ ಆಗುತ್ತಿರಲಿಲ್ಲ. ಯೌವನದಲ್ಲಿ ಹವ್ಯಾಸಕ್ಕೆ ಓಡುತ್ತಿದ್ದರು, ದೇಶ ವಿಭಜನೆಯ ಹೊತ್ತಿಗೆ ಬಿಟ್ಟರು. 1990ರ ದಶಕದಲ್ಲಿ ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡು, ಲಂಡನ್ನಿಗೆ ಬಂದು, ದುಃಖದ ಭಾರ ಇಳಿಸಲು ಮತ್ತೆ ಓಟ ಹಿಡಿದರು. 2000ದಲ್ಲಿ ಮೊದಲ ಲಂಡನ್ ಮ್ಯಾರಥಾನ್ ಓಡಿದಾಗ ಅವರ ಲೆಕ್ಕದಲ್ಲಿ ವಯಸ್ಸು 89. ಜನನಪತ್ರ ಇರಲಿಲ್ಲವಾದ್ದರಿಂದ ಗಿನ್ನೆಸ್‌ನವರು ಅವರ ದಾಖಲೆ ಒಪ್ಪಲಿಲ್ಲ. 2011ರಲ್ಲಿ ಟೊರಾಂಟೊದಲ್ಲಿ ನೂರರ ವಯಸ್ಸಿನಲ್ಲಿ ಮ್ಯಾರಥಾನ್ ಮುಗಿಸಲು ಅವರಿಗೆ ಎಂಟು ತಾಸಿಗೂ ಹೆಚ್ಚು ಬೇಕಾಯಿತು. ಮ್ಯಾರಥಾನಿನ ಕೊನೆಯ ಹಂತದಲ್ಲಿ ದೇವರ ಜೊತೆ ಮಾತಾಡುತ್ತ ಓಡುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದರು.

ಹತ್ತು ವರ್ಷ ಬಿಟ್ಟವನು ಇಂಥ ಕಥೆ ಕೇಳಿ ನಾಳೆಯೇ ಹತ್ತು ಕಿಲೋಮೀಟರಿಗೆ ಹೊರಡಬಾರದು. ಎದೆನೋವು, ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಮೊದಲು ಡಾಕ್ಟರನ್ನು ಕಾಣಬೇಕು. ಆಮೇಲೆ ಐದು ನಿಮಿಷ ಚುರುಕಾಗಿ ನಡೆದು, ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ. ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಹೊಸಬರಿಗೆಂದು ಸೂಚಿಸುವ ಒಂಬತ್ತು ವಾರಗಳ ಕ್ರಮದ ಮೊದಲ ವಾರ ಇಷ್ಟೇ. ಒಮ್ಮೆ ಓಡಿದವನಿಗೆ ಕಷ್ಟವಾಗುವುದು ಈ ಒಂದು ನಿಮಿಷವಲ್ಲ, ಅಷ್ಟಕ್ಕೇ ನಿಲ್ಲಿಸುವುದು. ಹಳೆಯ ವೇಗದ ನೆನಪು ಒಳಗಿನಿಂದ ಚುಚ್ಚುತ್ತಲೇ ಇರುತ್ತದೆ. ಆ ಅಹಂಕಾರವನ್ನು ಇಳಿಸುವುದೇ ಮರಳಿ ಬರುವವನ ನಿಜವಾದ ತಪಸ್ಸು.

ಸೋಣನ ಮನಸ್ಸು ತಿಳಿದ ಬುದ್ಧ ಗೃಧ್ರಕೂಟ ಬೆಟ್ಟದಿಂದ ಅವನಿದ್ದಲ್ಲಿಗೆ ಬಂದ. ಸೋಣ ಮನೆಯಲ್ಲಿದ್ದಾಗ ವೀಣೆ ನುಡಿಸುವುದರಲ್ಲಿ ಪಳಗಿದವನು. ತಂತಿ ಅತಿ ಬಿಗಿಯಾದರೆ ನುಡಿಯುತ್ತಿತ್ತೇ ಎಂದು ಬುದ್ಧ ಕೇಳಿದ. ಇಲ್ಲ ಎಂದ ಸೋಣ. ಅತಿ ಸಡಿಲವಾದರೆ? ಆಗಲೂ ಇಲ್ಲ. ಪ್ರಯತ್ನದ ಹದವೂ ಹಾಗೆಯೇ ಎಂದು ಬುದ್ಧ ತಿಳಿಸಿದ. ಸೋಣ ಮನೆಗೆ ಹಿಂತಿರುಗಲಿಲ್ಲ. ಸಾಧನೆ ಮುಂದುವರಿಸಿ, ಬಿಡುಗಡೆ ಪಡೆದು ಅರಹಂತನಾದ. ಆಮೇಲೆ, ಸುಖದಲ್ಲಿ ಬೆಳೆದ ಆ ಕಾಲಿಗೆ ಒಂದೇ ಪದರದ ಅಟ್ಟೆಯ ಪಾದರಕ್ಷೆ ಹಾಕಿಕೊಳ್ಳಲು ಬುದ್ಧ ಅನುಮತಿ ಕೊಟ್ಟ. ತನಗೊಬ್ಬನಿಗೇ ಈ ಅನುಕೂಲ ಬೇಡ ಎಂದ ಸೋಣ. ಅಂದಿನಿಂದ ಇಡೀ ಸಂಘಕ್ಕೆ ಪಾದರಕ್ಷೆಯ ಅನುಮತಿ ಸಿಕ್ಕಿತು. ಸೋಣ ಮನೆಗೆ ಹಿಂತಿರುಗಲಿಲ್ಲ. ಮುಂದೆ ಬುದ್ಧ ತನ್ನ ಶಿಷ್ಯರಲ್ಲಿ ಯಾರು ಯಾವುದರಲ್ಲಿ ಮೊದಲಿಗರು ಎಂದು ಹೆಸರಿಸಿದಾಗ, ಪ್ರಯತ್ನಶೀಲರಲ್ಲಿ ಮೊದಲಿಗನೆಂದು ಹೇಳಿದ್ದು ತಂತಿ ಸಡಿಲಿಸಿಕೊಂಡ ಈ ಸೋಣನ ಹೆಸರನ್ನೇ.